ಪಟ್ಟಿಗೆ ಸೇರದ ಮೀಸೆ

“ಅಮ್ಮಾ, ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ?” ಎಂದು ತಿಪ್ಪೇಶ ಕೇಳಿದ.

ಅವನು ಮಂದಾಕಿನಮ್ಮನವರ ಬಳಿ ಹನ್ನೆರಡು ವರ್ಷ ಸಂಗೀತ ಕಲಿತವನು. ಈಗ ತನ್ನದೇ ಒಂದು ಮೇಳ ಕಟ್ಟಿಕೊಂಡು ಊರೂರಿನಲ್ಲಿ ಹಾಡುತ್ತಿದ್ದ.

“ಏನು ಕೆಟ್ಟಿದೆಯಯ್ಯಾ?” ಎಂದರು ಮಂದಾಕಿನಮ್ಮ.

“ನನ್ನ ಮೇಳ. ನಾವು ಐದು ಜನ. ಒಬ್ಬೊಬ್ಬರನ್ನೇ ಕೇಳಿದರೆ ಚಿನ್ನ. ಒಟ್ಟಿಗೆ ಕೂತರೆ ಅಪಸ್ವರ. ಹಾರ್ಮೋನಿಯಂ ಪುಟ್ಟಣ್ಣಯ್ಯನನ್ನು ಬಿಡಿಸಿದೆ. ಸರಿಹೋಗಲಿಲ್ಲ. ತಬಲಾ ದಸ್ತಗೀರನನ್ನು ಬಿಡಿಸಿದೆ. ಊಹೂಂ. ಇನ್ನು ಉಳಿದದ್ದು ತಾಳದ ಕಾಳಿಂಗಪ್ಪ, ಹಿಮ್ಮೇಳದ ಓಬಳೇಶ. ಶನಿವಾರ ಕಾರ್ಯಕ್ರಮವಿದೆ. ನೀವೇ ಹೇಳಿ, ಇಬ್ಬರಲ್ಲಿ ಯಾರನ್ನು ಬಿಡಿಸಲಿ?”

ಮಂದಾಕಿನಮ್ಮ ತಮ್ಮ ನೋಟುಪುಸ್ತಕ ತೆರೆದು, ಅವನು ಹೇಳಿದ ಹೆಸರುಗಳನ್ನು ಒಂದರ ಕೆಳಗೊಂದು ಬರೆದುಕೊಂಡರು. ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಆಟಗಾರನಿದ್ದ. ಮೈದಾನದ ಆಟಗಾರನಲ್ಲ, ಕಂಪ್ಯೂಟರಿನ ಮುಂದೆ ಕೂತು ಆಡುವವನು. ಅವನ ಆಟದಲ್ಲಿ ಒಂದು ರಾಜ್ಯ, ಒಬ್ಬ ರಾಜ, ರಾಜನಿಗಾಗಿ ಕಾದಾಡುವ ಒಬ್ಬ ವೀರ. ಆ ವೀರನನ್ನು ನಡೆಸುವುದೇ ಆಟ. ಎರಡು ವರ್ಷ ಕಾದಾಡಿ, ಆಟಗಾರ ರಾಜನ ಪಟ್ಟಾಭಿಷೇಕದವರೆಗೆ ಬಂದು ಮುಟ್ಟಿದ್ದ.

ಇಂಥ ಆಟಗಳಿಗೆ ಆಡುವವರು ತಾವೇ ಹೊಸ ಬಟ್ಟೆ, ಹೊಸ ಕುದುರೆ, ಹೊಸ ಬೆಟ್ಟ ಮಾಡಿ ಸೇರಿಸಬಹುದು. ಹಾಗೆ ಹೊರಗಿನಿಂದ ಸೇರಿಸಿದ್ದನ್ನು ಅವರು ‘ಮಾಡ್’ ಎನ್ನುತ್ತಾರೆ. ಆಟಗಾರನಿಗೆ ಆರು ಜನ ಗೆಳೆಯರು. ಆರೂ ಜನ ಒಂದೊಂದು ಮಾಡ್ ತಯಾರಿಸಿ ಅವನಿಗೆ ಕೊಟ್ಟಿದ್ದರು. ಒಬ್ಬ ಕುದುರೆ ಕೊಟ್ಟ, ಒಬ್ಬ ಕಿರೀಟ ಕೊಟ್ಟ, ಒಬ್ಬ ಸಿಂಹಾಸನ. ಇನ್ನೊಬ್ಬ ಸಭೆಯ ದೀಪಗಳು, ಮತ್ತೊಬ್ಬ ರಾಣಿಯ ಸೀರೆ. ಕೊನೆಯವನು ಪಟ್ಟಾಭಿಷೇಕಕ್ಕೆ ಸುರಿಯುವ ಹೂಮಳೆ. ಭಾನುವಾರ ಎಲ್ಲರೂ ಆಟಗಾರನ ಮನೆಯಲ್ಲಿ ಸೇರಿ ಪಟ್ಟಾಭಿಷೇಕ ನೋಡುವುದು, ಮಧ್ಯಾಹ್ನ ಅಲ್ಲಿಯೇ ಬಿಸಿಬೇಳೆ ಭಾತ್ ಉಣ್ಣುವುದು ಎಂದು ಮಾತಾಗಿತ್ತು.

ಸೋಮವಾರ ಆಟಗಾರ ಒಮ್ಮೆ ನೋಡಿಬಿಡೋಣವೆಂದು ವೀರನನ್ನು ಸಭಾಮಂಟಪಕ್ಕೆ ಕರೆದೊಯ್ದ. ರಾಜನಿಗೆ ಮುಖವಿರಲಿಲ್ಲ. ಎರಡು ಕಣ್ಣು, ಎರಡು ಸಾಲು ಹಲ್ಲು ಗಾಳಿಯಲ್ಲಿ ತೇಲುತ್ತಿದ್ದವು. ಮಂತ್ರಿ ತಲೆಯಿಂದ ಕಾಲಿನವರೆಗೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದ. ರಾಣಿಯ ಸೆರಗು ಬಾಗಿಲು ದಾಟಿ, ಊರು ದಾಟಿ, ಬೆಟ್ಟದವರೆಗೆ ಹೋಗಿತ್ತು. ಹಲ್ಲುಗಳು ಗಂಭೀರವಾಗಿ, “ವೀರನೇ, ನನ್ನ ಮುಖ ನೋಡಿ ಹೇಳು, ನಾನು ಪಟ್ಟಕ್ಕೆ ತಕ್ಕವನೇ?” ಎಂದು ಕೇಳಿದವು.

ಆಟಗಾರ ಗಾಬರಿಯಾಗಿ ವೀರನನ್ನು ಊರಾಚೆಯ ಬಯಲಿಗೆ ಓಡಿಸಿದ. ಅಲ್ಲಿ ಎಲ್ಲವೂ ಸರಿಯಾಗಿತ್ತು. ಹುಲ್ಲು ಹಸಿರಾಗಿತ್ತು, ಆಕಾಶ ನೀಲಿಯಾಗಿತ್ತು. ಮತ್ತೆ ಸಭೆಗೆ ಬಂದ. ಮತ್ತೆ ಹಲ್ಲು. ವೀರ ಒಬ್ಬನೇ ನಿಂತರೆ ತೊಂದರೆಯಿಲ್ಲ, ಹತ್ತು ಜನರ ನಡುವೆ ನಿಂತರೆ ಆ ಹತ್ತು ಜನರೂ ಕೆಡುತ್ತಾರೆ. ಇದನ್ನು ಆಟಗಾರ ಕಣ್ಣಾರೆ ಕಂಡ. ಕಂಡರೂ ಅದರ ಅರ್ಥ ಹುಡುಕಲಿಲ್ಲ.

ಮೊದಲು ಅವನು ಕಂಪ್ಯೂಟರಿನ ಮೇಲೆ ಹರಿಹಾಯ್ದ. ಬಿಚ್ಚಿ ಧೂಳು ಊದಿದ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತಂತ್ರಾಂಶ ಕಿತ್ತು ಹೊಸದು ಹಾಕಿದ. ಬಿಸಿಯಾಗಿರಬಹುದೆಂದು ಟೇಬಲ್ ಫ್ಯಾನು ತಂದು ಅದರ ಕಡೆ ತಿರುಗಿಸಿ, ತಾನು ಬೆವರುತ್ತ ಕೂತ. ಹಲ್ಲು ಹಾಗೆಯೇ ಇತ್ತು.

ಆಮೇಲೆ ಗೆಳೆಯರ ಸರದಿ. ಮೊದಲು ಸಿಕ್ಕವನು ಕುದುರೆಯವನು. ಕುದುರೆಯ ಮೇಲೆ ವಿಶೇಷ ಅನುಮಾನವೇನೂ ಇರಲಿಲ್ಲ. ಆದರೆ ಹಿಂದಿನ ವಾರ ಕೇರಂ ಆಟದಲ್ಲಿ ಅವನು ಇವನನ್ನು ಸೋಲಿಸಿದ್ದ.

“ನಿನ್ನ ಕತ್ತೆಯನ್ನು ಕಿತ್ತುಹಾಕಿದ್ದೇನೆ” ಎಂದು ಆಟಗಾರ ಸಂದೇಶ ಕಳಿಸಿದ.

“ಎರಡು ವರ್ಷ ಅದರ ಬೆನ್ನ ಮೇಲೆ ಕೂತಿದ್ದವನು ನೀನೇ” ಎಂದು ಉತ್ತರ ಬಂತು. ಅಲ್ಲಿಗೆ ಮಾತು ನಿಂತಿತು.

ಮಂಗಳವಾರ ಕಿರೀಟ ಹೋಯಿತು. ಬುಧವಾರ ಸಿಂಹಾಸನ ಹೋಯಿತು. ಗುರುವಾರ ದೀಪಗಳು ಹೋದವು. ಒಂದನ್ನು ತೆಗೆದು, ಹಲ್ಲು ಇನ್ನೂ ಇದೆಯೆಂದು ಕಂಡ ಮೇಲೂ, ಅವನು ಅದನ್ನು ತಿರುಗಿ ಹಾಕಲಿಲ್ಲ. ತಪ್ಪು ಸಾಬೀತಾಗದಿದ್ದರೂ ಶಿಕ್ಷೆ ಮುಂದುವರಿಯಿತು. ಶುಕ್ರವಾರದ ಹೊತ್ತಿಗೆ ರಾಜನ ಹಲ್ಲುಗಳು ದೀಪವಿಲ್ಲದ ಮಂಟಪದಲ್ಲಿ, ಸಿಂಹಾಸನವಿಲ್ಲದ ಕಟ್ಟೆಯ ಮೇಲೆ, ಇಲ್ಲದ ಕಿರೀಟಕ್ಕಾಗಿ ಕಾಯುತ್ತಿದ್ದವು. ನಾಲ್ಕು ಜನ ಗೆಳೆಯರು ಭಾನುವಾರ ತಮಗೆ ಕೆಲಸವಿದೆ ಎಂದು ತಿಳಿಸಿದ್ದರು.

ಆ ಮನೆಯ ಯಜಮಾನಿ ಆಟಗಾರನ ದೊಡ್ಡಮ್ಮ. ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವರು. ಮನೆಗೆ ಬಂದವರಿಗೆ ಆ ವಿಷಯ ಕಾಫಿಗಿಂತ ಮೊದಲು ಸಿಗುತ್ತಿತ್ತು. ಅವರ ಬಳಿ ಒಂದು ಪುಸ್ತಕವಿತ್ತು. ಮನೆಯಲ್ಲಿ ಏನು ಬದಲಾದರೂ ತಾರೀಖು ಹಾಕಿ ಅದರಲ್ಲಿ ಬರೆಯುತ್ತಿದ್ದರು. ಮಿಕ್ಸಿಗೆ ಹೊಸ ಜಾರ್ ಬಂದದ್ದು, ಹಾಲಿಗೆ ಪಕ್ಕದ ಮನೆಯ ಹೆಪ್ಪು ಹಾಕಿದ್ದು, ಯಾವುದೂ ತಪ್ಪುತ್ತಿರಲಿಲ್ಲ. ಸಾರು ಕಹಿಯಾದರೆ ಅವರು ಸೊಸೆಯಂದಿರ ಮುಖ ನೋಡುತ್ತಿರಲಿಲ್ಲ. ಪುಸ್ತಕ ನೋಡಿ, “ಮಂಗಳವಾರದಿಂದ ಹೊಸ ಹಿಂಗು” ಎನ್ನುತ್ತಿದ್ದರು. ಮೂವರು ಸೊಸೆಯಂದಿರು ಒಂದೇ ಅಡಿಗೆಮನೆಯಲ್ಲಿ ಉಳಿದದ್ದು ಹಾಗೆ.

ಶುಕ್ರವಾರ ಸಂಜೆ ದೊಡ್ಡಮ್ಮ ಬಾಗಿಲಲ್ಲಿ ನಿಂತು, “ಭಾನುವಾರ ಎಷ್ಟು ಜನರಿಗೆ ಅಕ್ಕಿ ಹಾಕಲಿ?” ಎಂದು ಕೇಳಿದರು.

“ಇಬ್ಬರಿಗೆ, ದೊಡ್ಡಮ್ಮ. ನಾಳೆ ಇನ್ನೂ ಕಡಿಮೆಯಾಗಬಹುದು.”

ದೊಡ್ಡಮ್ಮ ಒಳಗೆ ಬಂದು ಕೂತರು. ಎಲ್ಲವನ್ನೂ ಕೇಳಿಸಿಕೊಂಡರು. ಪರದೆಯ ಮೇಲೆ ತೇಲುತ್ತಿದ್ದ ರಾಜನನ್ನು ಸ್ವಲ್ಪ ಹೊತ್ತು ನೋಡಿ, “ಹಲ್ಲು ಚೆನ್ನಾಗಿ ಉಜ್ಜುತ್ತಾನೆ ಪಾಪ” ಎಂದರು. “ಏನೇನು ಸೇರಿಸಿದ್ದೀಯ, ಹೇಳು.”

ಆಟಗಾರ ಆರು ಹೆಸರು ಹೇಳಿದ. ಅವರು ಬರೆದುಕೊಂಡರು.

“ಈಗ ತೆಗೆದದ್ದನ್ನೆಲ್ಲ ತಿರುಗಿ ಹಾಕು.”

“ಅಯ್ಯೋ, ಇಷ್ಟು ಕಷ್ಟಪಟ್ಟು ತೆಗೆದಿದ್ದೇನಲ್ಲ!”

“ನೀನು ಪರೀಕ್ಷೆ ಮಾಡಿಲ್ಲ ಮಗಾ, ಜಗಳ ಮಾಡಿದ್ದೀಯ. ಹಾಕು.”

ಹಾಕಿದ. ಸಭೆಗೆ ಹೋಗಿ ನೋಡಿದರು. ಹಲ್ಲು. ದೊಡ್ಡಮ್ಮ ಬರೆದುಕೊಂಡರು. ಮೊದಲ ಮೂರನ್ನು ತೆಗೆಸಿದರು. ಹಲ್ಲು. ಬರೆದುಕೊಂಡರು. ಆ ಮೂರನ್ನು ಹಾಕಿಸಿ, ಉಳಿದ ಮೂರನ್ನು ತೆಗೆಸಿದರು. ಹಲ್ಲು. ಕೊನೆಗೆ ಆರನ್ನೂ ತೆಗೆಸಿದರು. ಆಗಲೂ ಹಲ್ಲು.

ಆಟಗಾರ ಕುರ್ಚಿ ಬಿಟ್ಟು ಎದ್ದ. “ನೋಡಿದಿರಾ! ನಾನು ಸೇರಿಸಿದ್ದು ಒಂದೂ ಇಲ್ಲ, ಆದರೂ ಕೆಟ್ಟಿದೆ. ಆಟ ಮಾಡಿದವರದ್ದೇ ತಪ್ಪು. ಅವರಿಗೆ ಈಗಲೇ ಒಂದು ಕಾಗದ ಬರೆಯುತ್ತೇನೆ.”

“ಬರೆಯುವೆಯಂತೆ. ಇವನ್ನೆಲ್ಲ ಇಡುವ ಫೋಲ್ಡರ್ ಒಮ್ಮೆ ತೆರೆ” ಎಂದರು ದೊಡ್ಡಮ್ಮ.

ತೆರೆದ. ಖಾಲಿಯಾಗಿರಬೇಕಿದ್ದ ಫೋಲ್ಡರಿನಲ್ಲಿ ಒಂದು ಫೈಲ್ ಉಳಿದಿತ್ತು.

“ಇದೇನು?”

“ಅದು ಮಾಡ್ ಅಲ್ಲ ದೊಡ್ಡಮ್ಮ. ಅದು ನನ್ನ ಮೀಸೆ.”

ಹಿಂದಿನ ಭಾನುವಾರ, ಪಟ್ಟಾಭಿಷೇಕಕ್ಕೆ ಶೋಭೆಯಾಗಿರಲಿ ಎಂದು, ಆಟಗಾರ ವೀರನ ಮುಖಕ್ಕೆ ತನ್ನದೇ ಮೀಸೆಯನ್ನು ಚಿತ್ರಿಸಿ ಸೇರಿಸಿದ್ದ. ಹತ್ತಿರದಿಂದ ನೋಡಿದರೆ ಒಂದೊಂದು ಕೂದಲೂ ಎಣಿಸುವಂತಿರಬೇಕೆಂದು, ಇಡೀ ಅರಮನೆಗೆ ಸಾಲುವಷ್ಟು ದೊಡ್ಡ ಚಿತ್ರ ಮಾಡಿದ್ದ. ಕಂಪ್ಯೂಟರ್ ಚಿತ್ರಗಳಿಗೆಂದು ಇಟ್ಟ ಜಾಗವನ್ನೆಲ್ಲ ಆ ಮೀಸೆಗೇ ಕೊಡುತ್ತಿತ್ತು. ಬರಿಯ ಬಯಲಿನಲ್ಲಿ ಅದು ಹೇಗೋ ನಡೆಯುತ್ತಿತ್ತು. ತುಂಬಿದ ಸಭೆಯಲ್ಲಿ ಬೇರೆಯವರ ಮುಖಕ್ಕೆ ಜಾಗ ಉಳಿಯುತ್ತಿರಲಿಲ್ಲ.

“ಒಮ್ಮೆ ತೆಗೆದು ನೋಡು” ಎಂದರು ದೊಡ್ಡಮ್ಮ.

“ಬೇಕಾದರೆ ಕಂಪ್ಯೂಟರನ್ನೇ ಬದಲಾಯಿಸುತ್ತೇನೆ ದೊಡ್ಡಮ್ಮ.”

“ತೆಗೆಯೋ. ನಿನ್ನ ಮುಖದ್ದನ್ನು ಯಾರೂ ಬೋಳಿಸುತ್ತಿಲ್ಲ.”

ತೆಗೆದ. ಗೆಳೆಯರ ಆರನ್ನೂ ತಿರುಗಿ ಹಾಕಿದ. ಸಭಾಮಂಟಪದಲ್ಲಿ ದೀಪ ಉರಿಯುತ್ತಿತ್ತು. ರಾಣಿಯ ಸೆರಗು ರಾಣಿಯ ಹೆಗಲ ಮೇಲಿತ್ತು. ಮಂತ್ರಿ ಮನುಷ್ಯರ ಬಣ್ಣಕ್ಕೆ ಬಂದಿದ್ದ. ರಾಜನಿಗೆ ಮುಖ ಬಂದಿತ್ತು. ಅಂಥ ಚೆಲುವನೇನೂ ಅಲ್ಲ, ಆದರೆ ಹಲ್ಲಿಗೆ ಒಪ್ಪುತ್ತಿತ್ತು. ದೊಡ್ಡಮ್ಮ ಪುಸ್ತಕದಲ್ಲಿ, “ಭಾನುವಾರದಿಂದ ಹೊಸ ಮೀಸೆ” ಎಂದು ಬರೆದು, ಅಕ್ಕಿಯನ್ನು ಎಷ್ಟು ಜನರಿಗೆ ಹಾಕಬೇಕೆಂದು ತಾವು ನಾಳೆ ಬಂದು ಕೇಳುವುದಾಗಿ ಹೇಳಿ ಎದ್ದುಹೋದರು.

ಆಟಗಾರ ನಾಲ್ಕು ಜನ ಗೆಳೆಯರಿಗೂ ನಡೆದದ್ದನ್ನು ನಡೆದಂತೆ ಬರೆದ. ಮೊದಲ ಉತ್ತರ ಕುದುರೆಯವನದು. “ಕತ್ತೆ ಬರುತ್ತದೆ. ಊಟಕ್ಕೆ ಹಪ್ಪಳ ಇರಲಿ.”

ತಿಪ್ಪೇಶ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದನಮ್ಮಾ ಅವನು! ಊರಿನವರದ್ದೆಲ್ಲ ಎಣಿಸಿ, ತನ್ನದನ್ನೇ ಬಿಟ್ಟನಲ್ಲ!” ಎಂದು ಕಣ್ಣೊರೆಸಿಕೊಂಡ. ಆಮೇಲೆ ಬಂದ ಕೆಲಸ ನೆನಪಾಗಿ, “ಅದಿರಲಿ. ಈಗ ಹೇಳಿ, ಕಾಳಿಂಗಪ್ಪನೋ, ಓಬಳೇಶನೋ?” ಎಂದು ಕೇಳಿದ.

ಮಂದಾಕಿನಮ್ಮ ನೋಟುಪುಸ್ತಕ ತೆರೆದು, ಬರೆದ ಹೆಸರುಗಳ ಮೇಲೆ ಮೇಲಿನಿಂದ ಕೆಳಗೆ ಒಮ್ಮೆ ಬೆರಳಾಡಿಸಿದರು.

“ಐದು ಜನ ಎಂದೆಯಲ್ಲ ತಿಪ್ಪೇಶ, ನೀನು ಬರೆಸಿದ್ದು ನಾಲ್ಕೇ ಹೆಸರು.”