ಹಿಂಗೋಡೆಯಿಲ್ಲದ ಗುಡಿ

ಉತ್ತರ ವಿಯೆಟ್ನಾಮಿನ ಥಾಚ್ ಲಾ ಎಂಬ ನಮ್ಮ ಊರಿನ ಗುಡ್ಡ ಹತ್ತಿದರೆ ಸಿಗುವ ಗುಡಿಗೆ ಮೂರೇ ಗೋಡೆ. ಹಿಂದಿನ ಗೋಡೆ ಇರಬೇಕಾದಲ್ಲಿ ಬರೀ ಬಯಲು. ಮಳೆ ಬಂದರೆ ಇರಚಲು ನೇರ ಪೀಠಕ್ಕೇ ಬಡಿಯುತ್ತದೆ. ಹೋದ ವರ್ಷ ಪಟ್ಟಣದಿಂದ ಬಂದ ಇಂಜಿನಿಯರ್ ಒಬ್ಬರು, "ಪಾಪ, ಕೆಲಸ ಅರ್ಧಕ್ಕೇ ನಿಂತಿದೆ, ಇಟ್ಟಿಗೆ ಕಳಿಸಿಕೊಡುತ್ತೇನೆ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅರ್ಧಕ್ಕೆ ನಿಂತದ್ದಲ್ಲ ಸ್ವಾಮಿ, ನಮ್ಮ ಹಿರಿಯರು ಕೈಯಾರೆ ಕೆಡವಿದ್ದು! ಕೂತು ಕೇಳಿ ಎಂದೆ.

ಹಿಂದೆ ಒಮ್ಮೆ, ಅರಸರ ಕಾಲದಲ್ಲಿ, ಊರಿನ ತುಂಬ 'ಕಾ ತ್ರು' ಹಾಡುವವರೇ ಇದ್ದರಂತೆ. ಹೆಂಗಸು ಬಿದಿರ ಕಡ್ಡಿ ತಟ್ಟುತ್ತ ಹಾಡಬೇಕು, ಗಂಡಸು ದಾನ್ ದಾಯ್ ಮೀಟಬೇಕು. ಅದು ಉದ್ದ ಕತ್ತಿನ, ಮೂರು ರೇಷ್ಮೆ ತಂತಿಯ ವಾದ್ಯ. ಅದರ ಮರದ ಪೆಟ್ಟಿಗೆಗೆ ಹಿಂದೆ ಹಲಗೆಯಿಲ್ಲ, ತೆರೆದೇ ಇರುತ್ತದೆ. ಕೇಳಲು ಬಂದ ದೊಡ್ಡವರ ಕೈಗೆ ಪುಟ್ಟ ಡೋಲು ಕೊಡುವುದು ಪದ್ಧತಿ. ಹಾಡು ಹಿಡಿಸಿದ ಕಡೆ ಅವರು ಅದನ್ನು ಬಡಿದು ಮೆಚ್ಚುಗೆ ತೋರಿಸಬೇಕು. ಹೊಸದಾಗಿ ಬಂದ ಅಧಿಕಾರಿಗೆ ತಾಳದ ಗಂಧಗಾಳಿಯೂ ಇರಲಿಲ್ಲ. ಮನಬಂದಂತೆ ಬಡಿದ. ಜನ ನಕ್ಕುಬಿಟ್ಟರು. ಮುಖಭಂಗವಾದ ಆತ ತಪ್ಪನ್ನು ವಾದ್ಯದ ತಲೆಗೆ ಕಟ್ಟಿದ: "ಹಿಂದೆ ಹಲಗೆಯೇ ಇಲ್ಲ, ನಾದವೆಲ್ಲ ಸೋರಿಹೋಗುತ್ತಿದೆ. ಊರಿನ ಅಷ್ಟೂ ವಾದ್ಯಕ್ಕೆ ಹಲಗೆ ಬಡಿಸಿ!" ಮುಠ್ಠಾಳ! ಇಂಥವನ ಕೈಗೆ ಅಧಿಕಾರ ಕೊಟ್ಟವರಿಗೆ ಏನನ್ನಬೇಕು? ಬಡಗಿಗಳು ಅಳುತ್ತಲೇ ಮೊಳೆ ಹೊಡೆದರು ಎನ್ನುತ್ತಾರೆ.

ಅದರ ಬೆನ್ನಿಗೇ, ಈ ಹಾಡನ್ನು ಮೊದಲು ಕಲಿಸಿದ ಮೂಲಗುರುವಿನ ದಿನ ಬಂತು. ಈ ಗುಡಿ ಅವರದೇ. ವರ್ಷಕ್ಕೊಮ್ಮೆ ಈ ಗುಡಿಯಲ್ಲಿ ಗುರುವಿಗೆ ಹಾಡು ಒಪ್ಪಿಸಬೇಕು. ನಾದ ಕೆಟ್ಟರೆ ಒಪ್ಪಿಸಿದ ಮನೆತನದವರು ಮತ್ತೆಂದೂ ಹಾಡುವಂತಿಲ್ಲ. ಆ ಸಲದ ಸರದಿ ಖ್ವೇ ಎಂಬ ವಾದಕನದು, ಅವನ ಹೆಂಡತಿ ನ್ಯಾನಳದು. ಅಧಿಕಾರಿ ಡೋಲು ಹಿಡಿದು ಎದುರಿಗೇ ಕೂತಿದ್ದ. ಖ್ವೇ ಮೀಟಿದರೆ ವಾದ್ಯ ಒಡಕು ಮಡಕೆಯ ಹಾಗೆ ಸದ್ದು ಮಾಡಿತು. ನ್ಯಾನ್ ಕಡ್ಡಿ ಕೆಳಗಿಟ್ಟಳು.

"ಏನ್ರೀ, ಗುರುವಿಗೆ ಈ ಹೆಣವನ್ನು ಒಪ್ಪಿಸುತ್ತೀರಾ?"

ಖ್ವೇ ಪೀಠದ ಮುಂದಿನ ತಾಂಬೂಲದ ತಟ್ಟೆಯಲ್ಲಿದ್ದ ಅಡಿಕೆ ಸೀಳುವ ಚಾಕು ಎತ್ತಿಕೊಂಡು, ಹಲಗೆಯನ್ನು ಮೀಟಿ ಕಿತ್ತು ಅಧಿಕಾರಿಯ ಕಾಲಬುಡಕ್ಕೆ ಎಸೆದ. ಮತ್ತೆ ತಂತಿ ಮೀಟತೊಡಗಿದ, ನ್ಯಾನ್ ಕಡ್ಡಿ ಎತ್ತಿಕೊಂಡು ಹಾಡಿದಳು. "ಹೊಡೆಯಿರಿ ಅವನನ್ನ!" ಎಂದು ಅಧಿಕಾರಿ ಕಿರುಚಿದ. ಅವನ ಜೊತೆ ಬಂದಿದ್ದ ಸೈನಿಕರು ಬೆತ್ತ ಬೀಸಿದರು. ಖ್ವೇ ಮೀಟುವುದನ್ನು ನಿಲ್ಲಿಸಲಿಲ್ಲ, ನ್ಯಾನ್ ಹಾಡುವುದನ್ನು ಬಿಡಲಿಲ್ಲ. ಹಾಡು ಪೂರ್ತಿ ಮುಗಿದ ಮೇಲೇ ಅವನು ವಾದ್ಯದ ಮೇಲೆ ಬೋರಲು ಬಿದ್ದದ್ದು. ಮತ್ತೆ ಏಳಲಿಲ್ಲ. ನ್ಯಾನ್ ಅಂಗಳದ ಗುದ್ದಲಿ ತಂದು ಗುಡಿಯ ಹಿಂಗೋಡೆಗೆ ಬಾರಿಸಿದಳು. "ನಮ್ಮ ವಾದ್ಯಕ್ಕೆ ಇಲ್ಲದ್ದು ನಮ್ಮ ಗುರುವಿಗೂ ಬೇಡ" ಎಂದಳು. ಊರಿಗೆ ಊರೇ ಗುದ್ದಲಿ ಹಿಡಿದು ಬಂತು. ಅದನ್ನು ಕಂಡ ಅಧಿಕಾರಿ ಡೋಲನ್ನು ಅಲ್ಲೇ ಬಿಟ್ಟು ಗುಡ್ಡ ಇಳಿದು ಓಡಿದನಂತೆ. ಅಂದಿನಿಂದ ಇದು ಹಿಂಗೋಡೆಯಿಲ್ಲದ ಗುಡಿ.

ಈಗಲೂ ಹೊಸ್ತಿಲ ಮುಂದೆ ಸುತ್ತ ಮೊಳೆಯ ತೂತುಗಳಿರುವ ಸವೆದ ಹಲಗೆಯೊಂದಿದೆ. ಒಳಗೆ ಹೋಗುವವರೆಲ್ಲ ಅದರ ಮೇಲೆ ಕಾಲು ಒರೆಸಿಯೇ ಹೋಗುತ್ತಾರೆ. ಆ ಇಂಜಿನಿಯರು ಅದನ್ನು ದಾಟಿ ಹೋಗಲು ನೋಡಿದರು. "ಒರೆಸಿ" ಎಂದೆ. ಎರಡೂ ಕಾಲು ಒರೆಸಿದರು. ಇಟ್ಟಿಗೆಯ ಮಾತು ಮತ್ತೆ ಎತ್ತಲಿಲ್ಲ.