ಗಟ್ಟಿ ಕೇಪು, ಮೆದು ಕೇಪು

ಹೊಳೆದಂಡೆಯ ಆಶ್ರಮಕ್ಕೆ ಜನ ಹಣ್ಣು ತರುತ್ತಿದ್ದರು, ಹೂವು ತರುತ್ತಿದ್ದರು. ಮೊಣ್ಣಪ್ಪ ತಂದದ್ದು ಎರಡು ತಗಡಿನ ಡಬ್ಬಿ.

ಗುರುಗಳ ಮುಂದೆ ಎರಡನ್ನೂ ಇಟ್ಟು ಕೂತ. ನಮಸ್ಕಾರ ಮಾಡುವುದೂ ಮರೆತುಹೋಗಿತ್ತು ಪಾಪ.

"ಏನಪ್ಪಾ ಇದು?"

"ಕೇಪು, ಗುರುಗಳೇ. ತೋಟಾದ ಬುಡದಲ್ಲಿ ಕೂರಿಸುವುದು. ಕೋವಿಯ ಪಿನ್ನು ಬಂದು ಇದಕ್ಕೆ ಬಡಿದರೆ ಕಿಡಿ ಹಾರಿ ಮದ್ದಿಗೆ ಬೆಂಕಿ ಹತ್ತುತ್ತದೆ. ಈ ಡಬ್ಬಿಯದು ಗಟ್ಟಿ ತಗಡು, ಬಲವಾಗಿ ಬಡಿಯಬೇಕು. ಇದು ಮೆದು. ತಾಗಿದರೆ ಸಾಕು."

"ನನಗೆ ಎರಡೂ ಒಂದೇ ಥರ ಕಾಣುತ್ತವೆ."

"ಎಲ್ಲರಿಗೂ ಹಾಗೇ. ನನಗೆ ಮಾತ್ರ ಗೊತ್ತಾಗುತ್ತಿತ್ತು."

ಅದು ಜಂಬದ ಮಾತಲ್ಲ. ಸೀಮೆಯ ಕೋವಿಗಳಿಗೆಲ್ಲ ತೋಟಾ ತುಂಬಿಕೊಡುತ್ತಿದ್ದವನು ಅವನೇ. ಹೊಡೆದ ತೋಟಾದ ಬುಡ ನೋಡಿ, ಪಿನ್ನಿನ ಗುಳಿ ಎಷ್ಟು ಆಳ ಬಿದ್ದಿದೆ ಅಂತ ನೋಡಿ, ಯಾವ ಕೋವಿಗೆ ಯಾವ ಕೇಪು ಅಂತ ಹೇಳಿಬಿಡುತ್ತಿದ್ದ.

ಅವನ ತಮ್ಮ ಮುದ್ದಪ್ಪನ ಕೋವಿ ಹಳೆಯದು. ಪಿನ್ನಿನ ಸ್ಪ್ರಿಂಗು ಸೋತಿತ್ತು. ಗಟ್ಟಿ ಕೇಪಿಗೆ ಬಡಿದರೆ ಟಿಕ್ ಅಂದು ಸುಮ್ಮನಾಗುತ್ತಿತ್ತು. ಮರುದಿನವೇ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಏನಾದರೂ ಮಾಡು ಅಂತ ತಮ್ಮ ಅಣ್ಣನ ಬೆನ್ನು ಹತ್ತಿದ.

"ಸ್ಪ್ರಿಂಗು ಬದಲಿಸಬೇಕಿತ್ತು," ಅಂದ ಮೊಣ್ಣಪ್ಪ. "ನಾನು ಕೇಪು ಬದಲಿಸಿದೆ. ಮೆದುವಿನದು ಹಾಕಿ ತುಂಬಿಕೊಟ್ಟೆ."

ಗುರುಗಳು ಮೆದು ಕೇಪಿನ ಡಬ್ಬಿಯ ಕಡೆ ನೋಡಿದರು.

"ಪಂದ್ಯದ ಬಯಲಲ್ಲಿ ಅವನು ತುಂಬಿದ ಕೋವಿಯನ್ನು ಗೋಡೆಗೆ ಒರಗಿಸಿ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದ. ಕೋವಿ ಜಾರಿ ಕಲ್ಲಿಗೆ ಬಡಿಯಿತು. ಕೋವಿಯ ಕುದುರೆಗೆ ಬೆರಳಿಟ್ಟು ಎಳೆದವರು ಯಾರೂ ಇಲ್ಲ, ಗುರುಗಳೇ. ಬಿದ್ದ ಪೆಟ್ಟಿಗೇ ಈಡು ಹಾರಿತು. ಅವನು ಎದುರಿಗೇ ಇದ್ದ."

ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಇಂಥ ಹೊತ್ತಿನಲ್ಲಾದರೂ ಸ್ವಲ್ಪ ನಿಲ್ಲಬಾರದೇ ಅನ್ನಿಸಿತು ಅವನಿಗೆ.

"ಅವ್ವ ನನ್ನನ್ನು ಬಯ್ಯಲಿಲ್ಲ. ಮಣ್ಣು ಮುಗಿಸಿ ಬಂದ ಮೇಲೆ ಊಟ ಮಾಡು ಮಗಾ ಅಂದಳು. ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ. ಈಗ ನಾನೇ ಮೆದು ಕೇಪು. ಬಾಗಿಲು ಬಡಿದರೂ ಎದೆ ಸಿಡಿಯುತ್ತದೆ. ನನ್ನನ್ನು ಗಟ್ಟಿ ಮಾಡಿ."

"ಡಬ್ಬಿ ಬೇರೆಬೇರೆ. ಕೇಪಿನ ಒಳಗಿನ, ಕಿಡಿ ಹಾರಿಸುವ ಮಸಾಲೆ?"

"ಎರಡರಲ್ಲೂ ಒಂದೇ."

"ಅವತ್ತೂ ನೀನು ಕೇಪು ಬದಲಿಸಿದೆ," ಅಂದರು ಗುರುಗಳು. "ಇವತ್ತೂ ಕೇಪು ಬದಲಿಸಿಕೊಡಿ ಅಂತಲೇ ಬಂದಿದ್ದೀಯ."

ಮೊಣ್ಣಪ್ಪನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ಎದ್ದು ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ?

ಆಶ್ರಮದಲ್ಲೇ ಉಳಿದ. ಕಸ ಗುಡಿಸಿದ, ನೀರು ಹೊತ್ತ, ಹೇಳಿಕೊಟ್ಟ ಜಪ ಮಾಡಿದ. ಸುಳ್ಳು ಯಾಕೆ ಹೇಳಲಿ, ಯಾವುದರಿಂದಲೂ ಏನೂ ಆಗಲಿಲ್ಲ. ದುಃಖ ಬೆಳಿಗ್ಗೆ ಅವನಿಗಿಂತ ಮೊದಲೇ ಎದ್ದು ಕೂತಿರುತ್ತಿತ್ತು.

ಸಂಜೆಯಾದರೆ ಗುರುಗಳು ದಂಡೆಯ ಕಲ್ಲಿನ ಮೇಲೆ ಹೊಳೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಆಚೆ ದಡದಲ್ಲಿ ಮನೆಯಿಲ್ಲ, ದಾರಿಯಿಲ್ಲ, ನರಪಿಳ್ಳೆಯೂ ಇಲ್ಲ. ಧ್ಯಾನ ಇರಬೇಕು ಅಂದುಕೊಂಡಿದ್ದ ಮೊಣ್ಣಪ್ಪ. ಅವರ ಪೂರ್ವಾಶ್ರಮದ ಮಾತನ್ನು ಅಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಒಂದು ಸಂಜೆ ಅವನು ಆ ಕಲ್ಲಿನ ಹತ್ತಿರ ಬಂದ. "ಊರಿಗೆ ಹೋಗಿಬರುತ್ತೇನೆ, ಗುರುಗಳೇ. ಅಪ್ಪಣೆ ಕೊಡಿ."

ಗುರುಗಳು ತಿರುಗಿ ನೋಡಿದರು.

"ಸೊಂಟದಲ್ಲಿ ಏನು ಕಟ್ಟಿಕೊಂಡಿದ್ದೀಯ?"

"ತೋಟಾ. ಒಂದೇ ಒಂದು."

"ಯಾರಿಗೆ?"

ಮೊಣ್ಣಪ್ಪ ಸೊಂಟದ ಗಂಟಿನ ಮೇಲೆ ಕೈ ಇಟ್ಟುಕೊಂಡ. ಊರಲ್ಲಿ ತಮ್ಮನ ಕೋವಿ ಇನ್ನೂ ಗೋಡೆಗೇ ತೂಗುತ್ತಿತ್ತು.

ಗುರುಗಳು ಗದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಪಕ್ಕಕ್ಕೆ ಸರಿದು ಕಲ್ಲಿನ ಮೇಲೆ ಜಾಗ ಮಾಡಿಕೊಟ್ಟರು. ಅವನು ಕೂತ.

"ನನಗೊಂದು ಹೇಳು. ಕೇಪಿಗೆ ಪೆಟ್ಟು ಬಿತ್ತು, ಈಡು ಹಾರಲಿಲ್ಲ. ಆಗೇನು ಮಾಡುತ್ತೀರಿ?"

ಕಸುಬಿನ ಮಾತು ಕೇಳಿದರೆ ಅವನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು.

"ಬಿಚ್ಚಬಾರದು. ಒಳಗೆ ಕಿಡಿ ಕೂತಿರಬಹುದು, ತಡವಾಗಿ ಹಾರಬಹುದು. ಕೋವಿಯ ಬಾಯಿ ಯಾರ ಕಡೆಗೂ ತಿರುಗದ ಹಾಗೆ, ಖಾಲಿ ಜಾಗದ ಕಡೆಗೆ ಹಿಡಿದು, ಅಲ್ಲಾಡದೆ ಕಾಯಬೇಕು. ಅಪ್ಪ ಎಲ್ಲಕ್ಕಿಂತ ಮೊದಲು ಕಲಿಸಿದ್ದೇ ಅದು."

"ಯಾರ ಕಡೆಗೂ ತಿರುಗಬಾರದೋ?"

"ಯಾರ ಕಡೆಗೂ."

"ಹಿಡಿದವನ ಕಡೆಗೆ?"

ತಮ್ಮ ಸತ್ತ ದಿನವೂ ಅಳದವನು ಈಗ ಅತ್ತ. ಅತ್ತರೂ ಹಗುರಾಗಲಿಲ್ಲ. ಸೊಂಟದ ಗಂಟು ಬಿಚ್ಚಿ ತೋಟಾ ತೆಗೆದು ಗುರುಗಳ ಕೈಗಿಟ್ಟ. ಅವರು ಅದನ್ನು ಹೊಳೆಗೆ ಎಸೆದರು.

ಇಬ್ಬರೂ ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು. ಎದುರಿಗೆ ಆ ಖಾಲಿ ದಡ.

"ಎಷ್ಟು ಹೊತ್ತು ಹೀಗೇ ಹಿಡಿದುಕೊಂಡಿರಬೇಕು, ಗುರುಗಳೇ?"

ಗುರುಗಳು ಆಚೆ ದಡದಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತಿಲ್ಲ, ಮಾರಾಯ. ನನ್ನದನ್ನು ನಾನಿನ್ನೂ ಕೆಳಗಿಳಿಸಿಲ್ಲ."