ಇಲ್ಲದ ಗಂಡನಿಗೆ ಆಯುಸ್ಸು ಬೇಡಿದವಳ ಕಥೆ

ದೀಪದ ಬತ್ತಿ ಸರಿಮಾಡಿ, ಕೈಯಲ್ಲಿ ಅಕ್ಷತೆ ಹಿಡಿದು, ಮಾತು ನಿಲ್ಲಿಸಿ ಕೇಳಿರಿ. ಶ್ರಾವಣ ಮಂಗಳವಾರದ ಗೌರಿ ವಾರಿಜೆಯನ್ನು ಹೆದರಿಸಿ ಕಾಯ್ದ ಬಗೆ ಇದು.

ತುಂಗಭದ್ರೆಯ ದಡದ ಒಂದೂರಿನಲ್ಲಿ ರುಕ್ಮಾಬಾಯಿ ಎಂಬವಳಿಗೆ ವಾರಿಜೆ ಒಬ್ಬಳೇ ಮಗಳು. ಸಮುದ್ರದಾಚೆಯ ಚಳಿದೇಶಕ್ಕೆ ಹೊರಟಿದ್ದ ಡಾಕ್ಟರ್ ನಾಗಭೂಷಣನಿಗೆ ಅವಳನ್ನು ಧಾರೆಯೆರೆದು ಕೊಟ್ಟರು. ಅವನು ಮದುವೆಗೆ ಮುಂಚೆಯೇ, ಇಲ್ಲಿ ಓದಿದ್ದು ಅಲ್ಲಿ ಸಾಲದು, ಮತ್ತೆ ಪರೀಕ್ಷೆ ಬರೆದು, ಯಾವುದಾದರೂ ಆಸ್ಪತ್ರೆ ತರಬೇತಿಗೆ ಕರೆಯುವ ತನಕ ಒಬ್ಬ ರೋಗಿಯ ನಾಡಿಯನ್ನೂ ಮುಟ್ಟುವಂತಿಲ್ಲ, ಕರೆಯದೆಯೂ ಇರಬಹುದು ಎಂದು ಬಿಚ್ಚಿ ಹೇಳಿದ್ದನು. ತಾಯಿಮಗಳು ತಲೆಯಾಡಿಸಿ, ಆ ಮಾತನ್ನು ಯಾರಿಗೂ ಹೇಳದೆ ನುಂಗಿಕೊಂಡರು.

ಮೊದಲ ಶ್ರಾವಣದಲ್ಲಿ ತವರಿನಲ್ಲಿ ಗೌರಿಯನ್ನು ಕೂರಿಸಿ, ಹದಿನಾರು ತಂಬಿಟ್ಟಿನ ದೀಪ ಹಚ್ಚಿ, ಮುತ್ತೈದೆಯರು "ಗಂಡನ ಹೆಸರು ಹೇಳೇ" ಎಂದು ಒಡಪು ಕೇಳಲು, ವಾರಿಜೆ ಸೆರಗು ಸರಿಮಾಡಿಕೊಂಡು ಹೇಳಿದಳು: "ಸಾಲುದೀಪ ಹಚ್ಚಿಟ್ಟೆ ಗೌರಮ್ಮನ ಮುಂದೆ, ಸಾವಿರ ಜನ ಕಾಯ್ತಾರೆ ನಮ್ಮೆಜಮಾನರ ಹಿಂದೆ, ದೊಡ್ಡಾಸ್ಪತ್ರೆಯ ದೊಡ್ಡ ಡಾಕ್ಟರು ನಾಗಭೂಷಣರು!" ಎಲ್ಲರೂ ಭಲೆ ಎಂದರು. ಆದರೆ ಕಥೆ ಕೇಳುವಾಗ ದೀಪಗಳ ಮೇಲೆ ದೋಸೆ ಮಗುಚುವ ಮೊಗಚೆಕೈಗೆ ತುಪ್ಪ ಸವರಿ ಹಿಡಿದರೆ, ಗೌರಿ ಒಲಿದ ಗುರುತಾಗಿ ಕಾಡಿಗೆ ಕಟ್ಟಬೇಕಷ್ಟೆ, ಅವಳದು ತೊಳೆದಿಟ್ಟ ಹಾಗೆಯೇ ಉಳಿಯಿತು. ರುಕ್ಮಾಬಾಯಿ "ತುಪ್ಪದಲ್ಲೇ ಕಲಬೆರಕೆ, ಅಂಗಡಿಯವನ ಮನೆ ಹಾಳಾಗ" ಎಂದು ಡಬ್ಬಿಯ ಕಾಡಿಗೆ ಹಚ್ಚಿ ಮುಗಿಸಿದಳು.

ವಾರಿಜೆ ಗಂಡನನ್ನು ಸೇರಿದಳು. ಅವನು ಪರೀಕ್ಷೆ ಮುಗಿಸಿ, ತರಬೇತಿಗೆ ಕರೆಯಿರೆಂದು ಎಂಬತ್ತು ಆಸ್ಪತ್ರೆಗಳಿಗೆ ಬರೆದನು. ಫಾಲ್ಗುಣದಲ್ಲಿ, ಸ್ಥಾನವಿಲ್ಲ ಎಂದು ಉತ್ತರ ಬಂತು. ಎರಡನೆಯ ಶ್ರಾವಣದಲ್ಲಿ ತವರಿನವರು ಫೋನಿನಲ್ಲಿ ನೋಡುತ್ತಿರಲು ಅವಳು ಮತ್ತೆ ಅದೇ ಒಡಪು ಹೇಳಿದಳು. ಎರಡನೆಯ ಫಾಲ್ಗುಣದಲ್ಲಿ ಮತ್ತೆ ಅದೇ ಉತ್ತರ ಬಂತು. ಅವನು ಮುದುಕರ ಆಶ್ರಮವೊಂದರಲ್ಲಿ ಸೇವೆಗೆ ಹೋಗಿಬರುತ್ತಿದ್ದನು. ತವರೂರಿನವರು ಮಾತ್ರ ದಿನವೂ ಫೋನು ಮಾಡಿ, "ದೊಡ್ಡ ಡಾಕ್ಟ್ರೇ, ನನ್ನ ಮಂಡಿಗೆ ಏನು ಮಾತ್ರೆ?" ಎನ್ನುವರು. ಫೋನು ಸದ್ದಾದರೆ ಅವನು ಅದನ್ನು ದಿಂಬಿನಡಿ ತುರುಕುವನು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಒಂದು ಬೆಳಿಗ್ಗೆ ಕೋಟನ್ನೂ ಫೋನನ್ನೂ ಮನೆಯಲ್ಲೇ ಬಿಟ್ಟು, ಹಿಮ ಸುರಿಯುವಾಗ ಹೊರಟುಹೋದನು.

ವಾರಿಜೆ ಮಾಂಗಲ್ಯವನ್ನು ಮುಷ್ಟಿಯಲ್ಲಿ ಹಿಡಿದು ಬೀದಿಬೀದಿ ಓಡಿದಳು. ಬಸ್ಸಿನ ತಂಗುದಾಣದಲ್ಲಿ ಒಬ್ಬ ಮುದುಕಿ. ಕಾಲಿಗೆ ಬೂಟು, ಮೈಗೆ ದಪ್ಪ ಕೋಟು, ಕೋಟಿನ ಕೆಳಗೆ ಹಸಿರು ಸೀರೆ.

"ಯಾರನ್ನ ಹುಡುಕ್ತಿದ್ದೀಯೇ, ತಾಯಿ?"

"ನಮ್ಮ ಯಜಮಾನರನ್ನ, ಅಮ್ಮಾ."

"ಏನು ಮಾಡ್ತಾನೆ?"

ವಾರಿಜೆ "ದೊಡ್ಡಾಸ್ಪತ್ರೆಯ..." ಎಂದು ಶುರುಮಾಡಿ, ಮಾಂಗಲ್ಯವನ್ನು ಕಣ್ಣಿಗೊತ್ತಿಕೊಂಡಳು.

"ದೀಪದ ಮುಂದೆ ಎರಡು ವರ್ಷ ಸರಾಗವಾಗಿ ಬಂತಲ್ಲ, ಈಗೇಕೆ ಅರ್ಧಕ್ಕೇ ನಿಂತಿತು? ನೀನು ಇಲ್ಲದ ಗಂಡನಿಗೆ ಆಯುಸ್ಸು ಬೇಡಿದೆ, ಗೌರಿ ಅವನಿಗೇ ಕೊಟ್ಟಳು. ಇರೋ ಗಂಡನಿಗೆ ಯಾರೇ ಬೇಡಿದ್ದು?"

ವಾರಿಜೆ ಹಿಮದಲ್ಲೇ ಕುಸಿದು, "ಇರುವವನನ್ನು ಉಳಿಸಿಕೊಡು, ತಾಯಿ. ಅವರು ಏನೂ ಆಗದಿದ್ದರೂ ಸರಿ" ಎಂದು ಅತ್ತಳು. ಮುದುಕಿ ಹೆಪ್ಪುಗಟ್ಟಿದ ಕೆರೆಯ ಕಡೆ ಕೈ ತೋರಿದಳು. ಅಲ್ಲಿ ನಾಗಭೂಷಣ ತುಟಿ ನೀಲಿಯಾಗಿ ಕಲ್ಲುಬೆಂಚಿನ ಮೇಲೆ ಕೂತಿದ್ದನು. ವಾರಿಜೆ ತನ್ನ ಕೋಟು ಹೊದಿಸಿ, ಕೈ ಬಿಡದೆ ಮನೆಗೆ ಕರೆತಂದಳು. ತಿರುಗಿ ನೋಡಿದರೆ ತಂಗುದಾಣ ಬರಿದು. ಅಂದಿನಿಂದ ಬಾಗಿಲು ಕಿರ್ ಎಂದರೂ ಅವಳು ಎದ್ದು ಓಡುವಳು. ಆ ಭಯದಲ್ಲೇ ಬೇಸಿಗೆ ಕಳೆಯಿತು.

ಮೂರನೆಯ ಶ್ರಾವಣದಲ್ಲಿ ತವರಿನ ಮುತ್ತೈದೆಯರೆಲ್ಲ ಫೋನಿನಲ್ಲಿ ನೋಡುತ್ತಿರಲು, ವಾರಿಜೆ ಗೌರಿಗೆ ಕೈಮುಗಿದು ಹೇಳಿದಳು: "ಮುದುಕರಿಗೆ ಸ್ನಾನ ಮಾಡಿಸಿ, ತುತ್ತು ಉಣ್ಣಿಸುವವರು, ಎರಡು ಸಲ ಸೋತು ಮೂರನೇ ಸಲಕ್ಕೆ ಅಣಿಯಾಗುತ್ತಿರುವವರು, ನಾಗಭೂಷಣರು."

"ಅಯ್ಯೋ, ನಾಲ್ಕು ಜನ ಕೇಳಿಸ್ಕೊಂಡ್ರಲ್ಲೇ!" ಎಂದಳು ರುಕ್ಮಾಬಾಯಿ.

"ಕೇಳಿಸ್ಕೊಳ್ಳಲಿ ಅಂತಲೇ ಹೇಳಿದ್ದಮ್ಮ."

ಮಾತ್ರೆ ಕೇಳುವ ಕರೆಗಳು ನಿಂತವು. ನಾಗಭೂಷಣ ಹೊಟ್ಟೆತುಂಬ ಉಂಡನು, ಕಣ್ತುಂಬ ನಿದ್ದೆ ಮಾಡಿದನು, ಮತ್ತೆ ಆಸ್ಪತ್ರೆಗಳಿಗೆ ಬರೆದನು. ಆ ದೇಶದಲ್ಲಿರಲು ಕೊಟ್ಟ ಅವಧಿ ಮುಗಿಯಲು ಹತ್ತೊಂಬತ್ತು ದಿನ ಉಳಿದಿರುವಾಗ, ನಕ್ಷೆಯಲ್ಲಿ ಹುಡುಕಬೇಕಾದಂಥ ಪುಟ್ಟ ಊರಿನ ಆಸ್ಪತ್ರೆಯೊಂದು ಅವನನ್ನು ಕರೆಯಿತು. ಮೊದಲ ದಿನ ಒಬ್ಬ ಮುದುಕನ ನಾಡಿ ಹಿಡಿದು, ಎಣಿಕೆ ಮುಗಿದ ಮೇಲೂ ಅವನು ಬಹಳ ಹೊತ್ತು ಕೈ ಬಿಡಲಿಲ್ಲವಂತೆ.

ಈ ಕಥೆ ಓದಿದವರಿಗೆ, ಕೇಳಿದವರಿಗೆ, ಕೇಳುತ್ತ ಹೂಂಗುಟ್ಟಿದವರಿಗೆ ವಾರಿಜೆಯ ಫಲವೇ ಸಿಗಲಿ. ದೂರದೇಶದಲ್ಲಿ ಉತ್ತರಕ್ಕೆ ಕಾದಿರುವವರ ಮನೆಗಳನ್ನು ಮಂಗಳಗೌರಿ ಕಾಯಲಿ. ಉತ್ತರ ಬಂದರೂ, ಬಾರದಿದ್ದರೂ, ಹೊರಗೆ ಹೋದವರು ಹೊತ್ತಿಗೆ ಮನೆ ಸೇರಲಿ. ಅಕ್ಷತೆ ಹಾಕಿರಿ.